ಮಂಡಕ್ಕಿ ಸಾಹುಕಾರರ ಒನ್ಸ್ ಮೋರ್

ಅವರ ಬಲ ಮುಂಗೈ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಮಂಡಕ್ಕಿ ಭಟ್ಟಿಯ ಕಾದ ಮರಳಿನ ಮುಂದೆ ಎಳೆಯ ವಯಸ್ಸಿನಿಂದಲೂ ದುಡಿದ ಕೈ ಅದು; ಬೆಳಗಿಟ್ಟ ತಾಮ್ರದ ತಂಬಿಗೆಯಂತೆ ಹೊಳೆಯುತ್ತಿತ್ತು. ಭಟ್ಟಿಯ ಒಡೆಯರಾಗಿ, ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮೆದುರಿಗೆ ಮನೆ ಕಟ್ಟಿಸಿದ ಮೇಲೂ ಆ ಕೈ ಹಾಗೆಯೇ ಉಳಿಯಿತು. ಓಣಿಗೆಲ್ಲ ಅವರು ಸಾಹುಕಾರರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದುಬೈಯಲ್ಲಿದ್ದ ಅಳಿಯ ಅವರಿಗೊಂದು ಡಿವಿಡಿ ಪ್ಲೇಯರ್ ತಂದುಕೊಟ್ಟ. ಜೊತೆಗೆ ಬಂದ ಡಿಸ್ಕುಗಳಲ್ಲಿ ವಿದೇಶಿ ರಾಕ್ ತಂಡವೊಂದರ ಸಂಗೀತ ಕಛೇರಿಯೂ ಇತ್ತು. ಸಾಹುಕಾರರು ಅದನ್ನು ಒಬ್ಬರೇ ನೋಡುವ ಪೈಕಿಯವರಲ್ಲ. ಭಾನುವಾರ ಮಧ್ಯಾಹ್ನ ಓಣಿಗೆ ಓಣಿಯನ್ನೇ ಕರೆದರು.

ಈ ಸುದ್ದಿ ಹರಿಹರದ ವಾರಪತ್ರಿಕೆಯೊಂದರ ಸಂಪಾದಕರಿಗೆ ಮುಟ್ಟಿ, ಅವರಿಗೆ ಅದರ ವಿಮರ್ಶೆ ಬೇಕಾಯಿತು. ಆ ಪತ್ರಿಕೆಯ ಸಂಗೀತ ಅಂಕಣವನ್ನು ಆರಂಭದಿಂದಲೂ ಬರೆಯುತ್ತಿದ್ದವನು ನಾನು. ಆದರೂ ಅವರು ನನ್ನ ಮುಖಕ್ಕೇ ಹೇಳಿದರು: "ಮೇಷ್ಟ್ರೇ, ನಿಮ್ಮ ಕಿವಿ ಹಳೇವಾದ್ವು. ಇದನ್ನ ನಮ್ಮ ಭಾವಮೈದ ಬರೀತಾನೆ. ಅಂಕಣಾನೂ ಇನ್ಮ್ಯಾಲೆ ಅವನೇ ನೋಡ್ಕೋತಾನೆ." ಆಗ ಅವರು ಎಲೆಯಡಿಕೆ ಜಗಿಯುತ್ತಿದ್ದರು, ಮಾತು ಮುಗಿಯುವವರೆಗಾದರೂ ನಿಲ್ಲಿಸಲಿಲ್ಲ. ಇದನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಭಾನುವಾರ ನಾನು ಹಾಲ್‌ನಲ್ಲಿ ಮುಂದೆಯೇ ಕೂತೆ. ಭಾವಮೈದುನ ಮಹಾಶಯರು ಹೊರಗೆ ಕಟ್ಟೆಯ ಮೇಲೆ ಖಾರಮಂಡಕ್ಕಿ, ಮಿರ್ಚಿಯ ತಟ್ಟೆಯೊಂದಿಗೆ ಆಸೀನರಾಗಿ, ಕಿಟಕಿಯಿಂದ ಬಂದಷ್ಟನ್ನು ಕೇಳಿಸಿಕೊಂಡರು. ಒಳಗೆ, ಉದ್ದ ಕೂದಲಿನ ಗಿಟಾರಿನವನು ತಲೆ ಕೊಡವತೊಡಗಿದೊಡನೆ ಸಾಹುಕಾರರು ಕುರ್ಚಿಯ ತುದಿಗೆ ಬಂದರು. "ನೋಡ್ರಿ ನೋಡ್ರಿ, ಥೇಟ್ ವೀರಭದ್ರನ ಜಾತ್ರ್ಯಾಗ ಪುರವಂತ್ರು ಕುಣಿದಂಗ ಕುಣೀತಾನೆ!" ಡ್ರಮ್ಮಿನವನು ಕೈಚಳಕ ತೋರಿಸಿ ಹಾಡು ಮುಗಿಸಿದ್ದೇ ತಡ, ಎದ್ದು ನಿಂತು ಕೂಗಿದರು: "ಒನ್ಸ್ ಮೋರ್!"

ಅದು ಕಂಪನಿ ನಾಟಕಗಳನ್ನು ನೋಡಿ ಬೆಳೆದವರ ಹಕ್ಕು. ಹಾಡು ಹಿಡಿಸಿದರೆ ಕೂಗಬೇಕು. ಕೂಗಿದರೆ ನಟ, ಸಾಯುವ ದೃಶ್ಯದಲ್ಲಿದ್ದರೂ ಎದ್ದು, ಮತ್ತೆ ಹಾಡಬೇಕು. ಹಾಲ್‌ನಲ್ಲಿದ್ದವರೆಲ್ಲ ದನಿಗೂಡಿಸಿದರು. ಸಾಹುಕಾರರು ರಿಮೋಟ್ ಒತ್ತಿದರು. ತಂಡ ಮತ್ತೆ ನುಡಿಸಿತು. ಮತ್ತೆ ಕೂಗು, ಮತ್ತೆ ಹಾಡು.

ಆ ವಾರದ ಪತ್ರಿಕೆಯಲ್ಲಿ ಅಚ್ಚಾದದ್ದು ಹೀಗೆ: "ಪ್ರೇಕ್ಷಕರ ಒತ್ತಾಯಕ್ಕೆ ಮಣಿದ ತಂಡವು ಒಂದೇ ಹಾಡನ್ನು ಮೂರು ಸಲ ನುಡಿಸಿ ಔದಾರ್ಯ ಮೆರೆಯಿತು."

ನಾನು ಪತ್ರಿಕೆ ಹಿಡಿದು ರಸ್ತೆ ದಾಟಿದೆ. ಆ ವಿಮರ್ಶಕ ಒಳಗೆ ಕಾಲೇ ಇಟ್ಟಿರಲಿಲ್ಲವೆಂದು ಹರಿಹರಕ್ಕೆ ಬಂದು ಸಾಕ್ಷಿ ಹೇಳಬೇಕೆಂದೂ, ಇದರಿಂದ ನನ್ನ ಅಂಕಣ ನನಗೆ ಮರಳಲೇಬೇಕೆಂದೂ ಸಾಹುಕಾರರನ್ನು ಒತ್ತಾಯಿಸಿದೆ. ಅವರು ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಲ್ರೀ ಮೇಷ್ಟ್ರೇ, ಕೂಗಿದ್ದು ಪ್ರೇಕ್ಷಕರು ಹೌದಲ್ಲೋ? ನುಡಿಸಿದ್ದು ಅವ್ರೇ ಹೌದಲ್ಲೋ? ಇದ್ರಾಗ ಸುಳ್ಳು ಎಲ್ಲೈತ್ರಿ?"

"ರಿಮೋಟ್ ಒತ್ತಿದ್ದು ನೀವು!"

"ಹಂಗಾರ ನನ್ನ ಹೆಸ್ರು ಬಿಟ್ಟಾನೆ, ನೋಡ್ರಿ ತಪ್ಪು!"

ನಾನು ಸಿಟ್ಟಿನಿಂದ ಎದ್ದೆ. ಅವರು ಕೈ ಹಿಡಿದು ಕೂರಿಸಿದರು. ಈಗ ನಗು ಇರಲಿಲ್ಲ.

"ಆ ಪೇಪರ್ ಅತ್ಲಾಗಿಡ್ರಿ. ನಿಮಗೆ ಹೆಂಗನಿಸ್ತು, ಅದನ್ನ ಹೇಳ್ರಿ."

ನಾನು ಹೇಳಲು ಬಾಯ್ತೆರೆದೆ. ಅಷ್ಟೆಲ್ಲ ರಂಪದ ನಡುವೆ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

"ನನಗೊಬ್ನಿಗೇ ಬ್ಯಾಡ, ತಡೀರಿ," ಎಂದರು. "ಬರೋ ಐತವಾರ ಮತ್ತ ಹಾಕ್ತೀನಿ. ಮುಗಿದ ಮ್ಯಾಲೆ ಎಲ್ಲಾರ ಮುಂದ ನಿಂತು ಹೇಳ್ರಿ. ಒಪ್ಪದಿದ್ರೆ ಅಲ್ಲೇ ಜಗಳ ತೆಗೀತೀವಿ."

ಹಾಗೆಯೇ ಆಯಿತು. ಡ್ರಮ್ಮಿನವನ ಲಯಶುದ್ಧಿಯನ್ನು ಮನಸಾರೆ ಮೆಚ್ಚಿದೆ. ದೀಪಗಳನ್ನು ತಗ್ಗಿಸಿ ಗಿಟಾರೊಂದೇ ಮೆಲ್ಲಗೆ ನುಡಿದಾಗ ಅಷ್ಟು ದೊಡ್ಡ ಮೈದಾನ ಉಸಿರು ಹಿಡಿದದ್ದೇ ಆ ಕಛೇರಿಯ ಶಿಖರವೆಂದೆ. ಗಾಯಕ ಮಾತ್ರ ಅರ್ಧ ಉಸಿರನ್ನು ಕಿರುಚಾಟದಲ್ಲಿ ಕಳೆದನೆಂದು ಆಕ್ಷೇಪಿಸಿದೆ. ಸಾಹುಕಾರರ ಹೆಂಡತಿ ಒಳಗಿನಿಂದಲೇ ತಡೆದರು: "ಅವನ ಗಂಟಲು ಕೆಟ್ಟಿತ್ರೀ, ಪಾಪ. ಒಂದು ಲೋಟ ಬಿಸಿನೀರು ಕೊಡೋರೂ ಇಲ್ಲೇನು ಆ ದೇಶದಾಗ?" ಹಾಲ್ ಎರಡು ಪಕ್ಷವಾಯಿತು. ಅಷ್ಟು ಸೊಗಸಾದ ಜಗಳವನ್ನು ನನ್ನ ಯಾವ ಲೇಖನವೂ ಹುಟ್ಟಿಸಿರಲಿಲ್ಲ.

ಮುಂದೆ ಯಾವ ಡಿಸ್ಕ್ ಹಾಕಿದರೂ, ಕೊನೆಯಲ್ಲಿ ನಾನು ಎದ್ದು ನಿಲ್ಲುವುದು ರೂಢಿಯಾಯಿತು. ಅಂಕಣ ಮರಳಿ ಬರಲಿಲ್ಲ. ನಾನೂ ಹರಿಹರದ ಆ ಪತ್ರಿಕಾ ಕಚೇರಿಯ ಮೆಟ್ಟಿಲು ತುಳಿಯಲಿಲ್ಲ.

ಸಾಹುಕಾರರು ತೀರಿಕೊಂಡಾಗ ಶಿವಗಣಾರಾಧನೆಯ ದಿನ ಮಗಳು ಬಂದು, "ಅಪ್ಪಾರ ಬಗ್ಗೆ ನೀವೇ ಮಾತಾಡ್ಬೇಕ್ರಿ," ಎಂದಳು. ಎದ್ದು ನಿಂತೆ. ಅವರ ಹೆಂಡತಿ ಕೂತಲ್ಲಿಂದಲೇ ಹೇಳಿದರು: "ಬರೇ ಹೊಗಳಬ್ಯಾಡ್ರಿ ಮೇಷ್ಟ್ರೇ, ಅವ್ರಿಗೆ ಸೇರ್ತಿರ್ಲಿಲ್ಲ."

ಅದಕ್ಕೆ ದೋಷಗಳಿಂದಲೇ ತೊಡಗಿದೆ. ಅವರ ದನಿ ನಾಲ್ಕು ಮನೆಗೆ ಕೇಳಿಸುತ್ತಿತ್ತು. ಇಸ್ಪೀಟಿನಲ್ಲಿ ಎದುರಾಳಿಯ ಎಲೆಯನ್ನು ಇಣುಕಿ ನೋಡುತ್ತಿದ್ದರು. ಊಟಕ್ಕೆ ಕೂತು ಬೇಡವೆಂದವರ ಎಲೆಗೇ ಇನ್ನೊಂದು ಹೋಳಿಗೆ ಬೀಳುತ್ತಿತ್ತು. ಜನ ನಕ್ಕರು. ಗುಣಗಳಿಗೆ ಬಂದು, ಆ ಮೊದಲ ಭಾನುವಾರದ ಕಥೆ ತೆಗೆದೆ. ನಾನು ತಪ್ಪು ಹೇಳುತ್ತಿರುವೆನೆಂದು ಯಾರೋ ಹಿಂದಿನಿಂದ ಆಕ್ಷೇಪಿಸಿದರು. ಇನ್ನೊಬ್ಬರು ಅವರನ್ನು ತಿದ್ದಿದರು. ನಾನು ಕೂತುಬಿಟ್ಟೆ. ಉಳಿದದ್ದನ್ನು ಓಣಿಯವರೇ ವಾದ ಮಾಡುತ್ತ, ನಗುತ್ತ, ಹೇಳಿ ಮುಗಿಸಿದರು.