ಮಾವ ಕತ್ತರಿಸಿದ ನೂಲು

ದುಬೈಯಲ್ಲಿ ಹೋಟೆಲು ನಡೆಸಿದವರಿಗೆ ಕರೆಂಟಿನ ಬಗ್ಗೆ ತಿಳಿಯದ್ದು ಏನೂ ಇರುವುದಿಲ್ಲ ಎಂಬುದು ನನ್ನ ಸೋದರಮಾವನ ನಂಬಿಕೆ. ಮೂಡುಬಿದಿರೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನಾನು ಅವರ ಪಾಲಿಗೆ ಇಂದಿಗೂ ಆಟದ ಸಾಮಾನು ಮಾಡುವ ಹುಡುಗಿ.

ಬೆಳ್ತಂಗಡಿಯ ಮನೆಯಲ್ಲಿ ಅವರ ತಂಗಿ, ನನ್ನ ಚಿಕ್ಕಮ್ಮ, ಹಲಸಿನ ಹಪ್ಪಳ ಮಾಡುತ್ತಾರೆ. ಪ್ರತಿ ಸಲವೂ ಹಪ್ಪಳ ಒಣಗುವ ಮೊದಲೇ ಮಳೆ ಹಿಡಿದು ಅರ್ಧಕ್ಕೆ ಬೂಷ್ಟು ಬರುತ್ತಿತ್ತು. ಅಂಗಳದ ಪಕ್ಕದ ಶೆಡ್ಡಿನಲ್ಲಿ ಒಣಗಿಸುವ ಪೆಟ್ಟಿಗೆಯೊಂದನ್ನು ಮಾಡಿಕೊಡು ಎಂದು ನನ್ನನ್ನು ಕೇಳಿದರು. ಅದೇ ಶೆಡ್ಡಿನ ಮೇಲೆ ಮಾವನ ಕಣ್ಣಿತ್ತು, ಹೊಸ ಕಾರು ನಿಲ್ಲಿಸಲು. ಪೆಟ್ಟಿಗೆ ಮೊದಲ ದಿನವೇ ಸರಿಯಾಗಿ ನಡೆದರೆ ಶೆಡ್ಡು ಹಪ್ಪಳಕ್ಕೆ, ಇಲ್ಲವಾದರೆ ಕಾರಿಗೆ ಎಂದು ಅವರೇ ತೀರ್ಪು ಕೊಟ್ಟರು. ಕಕ್ಷಿದಾರರೂ ಅವರೇ, ನ್ಯಾಯಾಧೀಶರೂ ಅವರೇ.

ಪೆಟ್ಟಿಗೆಯ ಫ್ಯಾನು ಎಷ್ಟು ಜೋರಾಗಿ ತಿರುಗಬೇಕೆಂದು ಹೇಳುವುದು ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು. ನಾನು ಅದಕ್ಕೊಂದು ಅಂಕಿ ಕೊಡುತ್ತೇನೆ. ಅದರೊಳಗಿನ ಡ್ಯಾಕ್ ಎಂಬ ಭಾಗ ಆ ಅಂಕಿಗೆ ತಕ್ಕ ವೋಲ್ಟೇಜನ್ನು ಫ್ಯಾನಿಗೆ ಹೋಗುವ ತಂತಿಗೆ ಬಿಡುತ್ತದೆ. ವೋಲ್ಟೇಜು ಕಡಿಮೆಯಿದ್ದರೆ ತಂಗಾಳಿ, ಹೆಚ್ಚಾದರೆ ಬಿರುಗಾಳಿ. ಅಂಕಿ ಕೊಡುವ ಮೊದಲು ಮಾತ್ರ ಆ ತಂತಿಯಲ್ಲಿ ಏನಿರುತ್ತದೋ ದೇವರೇ ಬಲ್ಲ. ಹಾಗಾಗಿ ಮೊದಲು ಬೋರ್ಡಿಗೆ ಕರೆಂಟು, ಅದಕ್ಕೆ ಸೊನ್ನೆ ಎಂಬ ಅಂಕಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಫ್ಯಾನಿನ ಸ್ವಿಚ್ಚು. ಯಾರೂ ಅವಸರಪಡದಿರಲೆಂದು ಆ ದೊಡ್ಡ ಕೆಂಪು ಸ್ವಿಚ್ಚಿಗೆ ನೂಲು ಸುತ್ತಿ ಕಟ್ಟಿದೆ. ಏಕೆಂದು ಎಲ್ಲರಿಗೂ ವಿವರಿಸಿದೆ. ಮಾವ ತಲೆಯಾಡಿಸಿದರು. ಅವರು ತಲೆಯಾಡಿಸಿದರೆ ಕೇಳಿಸಿಕೊಂಡಿಲ್ಲ ಎಂದೇ ಅರ್ಥ.

ಮುಹೂರ್ತ ನೋಡಿಸಿದವರೂ ಅವರೇ. ನಾನಿನ್ನೂ ಬೋರ್ಡಿನ ವಯರು ಸಿಕ್ಕಿಸಲು ಬಗ್ಗಿದ್ದೆ. ಹೊತ್ತು ಮೀರುತ್ತದೆ ಎಂದು ಗೊಣಗುತ್ತಾ ಅವರು ಚಿಕ್ಕಮ್ಮನ ಹೊಲಿಗೆ ಡಬ್ಬಿಯಿಂದ ಕತ್ತರಿ ತಂದರು. ಊರಿಡೀ ಅಂಗಡಿಗಳ ರಿಬ್ಬನು ಕತ್ತರಿಸಿ ಪಳಗಿದ ಕೈ ನೋಡಿ, ನನ್ನ ನೂಲು ಅವರಿಗೆ ರಿಬ್ಬನಾಗಿಯೇ ಕಂಡಿರಬೇಕು. ಫೋಟೋಗೆ ಮುಖ ಕೊಟ್ಟು, ಕಚಕ್ಕನೆ ಕತ್ತರಿಸಿ, ಸ್ವಿಚ್ಚು ಒತ್ತಿಯೇಬಿಟ್ಟರು.

ಅಂಕಿಯೇ ಸಿಗದ ಫ್ಯಾನು ಮೈಮೇಲೆ ದೈವದ ದರ್ಶನ ಬಂದ ಹಾಗೆ ಆರ್ಭಟಿಸಿತು. ಬಾಗಿಲು ತೆರೆದಿದ್ದ ಪೆಟ್ಟಿಗೆಯಿಂದ, ಚಿಕ್ಕಮ್ಮ ಆಗಲೇ ಹರಡಿಟ್ಟಿದ್ದ ಅರೆ ಒಣಗಿದ ಹಪ್ಪಳಗಳು ಹಾರಿಬಂದು ಮಾವನ ಇಸ್ತ್ರಿ ಅಂಗಿಗೆ, ಕನ್ನಡಕಕ್ಕೆ, ಬೋಳು ತಲೆಗೆ ಅಂಟಿಕೊಂಡವು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಚಿಕ್ಕಮ್ಮನ ಮುಖ ನೋಡಿ, ಓಡಿಹೋಗಿ ಸ್ವಿಚ್ಚು ಆರಿಸಿದೆ.

ಮಾವ ಕನ್ನಡಕ ಒರೆಸಿಕೊಂಡರು. ನಾಚಿಕೆಯ ಲವಲೇಶವೂ ಇರಲಿಲ್ಲ.

"ನಾನು ಮೊದಲೇ ಹೇಳ್ಲಿಲ್ವಾ? ಇದೆಲ್ಲ ನಡೆಯುದಿಲ್ಲ. ನಾಳೆ ಕಾರು ತರ್ತೇನೆ."

ಅಣ್ಣನೆದುರು ಎಂದೂ ಎದುರಾಡದ ಚಿಕ್ಕಮ್ಮ ಬಗ್ಗಿ, ನೆಲದಲ್ಲಿದ್ದ ನೂಲಿನ ತುಂಡನ್ನು ಹೆಕ್ಕಿ, ಅವರ ಅಂಗೈಯಲ್ಲಿಟ್ಟರು.

"ಕಾರು ಹೊರಗೆ ಇರ್ಲಿ ಅಣ್ಣ. ಮಳೆಗೆ ಹಾಳಾಗುದು ಹಪ್ಪಳ, ಕಾರಲ್ಲ."

ಮತ್ತೆ ನನ್ನ ಕಡೆ ತಿರುಗಿ, ಮೊದಲಿನಿಂದ ಶುರು ಮಾಡು ಎಂದರು. ಸೊನ್ನೆ ಕೊಟ್ಟೆ, ಮೀಟರು ನೋಡಿದೆ, ಫ್ಯಾನು ಹಾಕಿ ಅಂಕಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆ. ಉಳಿದ ಹಪ್ಪಳಗಳ ಮೇಲೆ ಗಾಳಿ ಮೆತ್ತಗೆ ಹರಿಯಿತು. ಸಂಜೆಗೆ ಅವು ಗರಿಗರಿಯಾದವು, ಮಾವನೇ ಕರಿಸಿಕೊಂಡು ತಿಂದರು, ಉಪ್ಪು ಸಾಲದು ಎಂದರು.

ಆಮೇಲೆ, ಅಂಕಿ ಸಿಗುವವರೆಗೆ ಆ ತಂತಿಯನ್ನು ಸೊನ್ನೆಗೇ ಎಳೆದು ಹಿಡಿಯುವ ಒಂದು ರೆಸಿಸ್ಟರು ಹಾಕಿದೆ. ಮಾವನಂಥವರಿರುವ ಮನೆಯಲ್ಲಿ ನೂಲನ್ನು ನಂಬಲಾಗದು. ಶೆಡ್ಡಿನಲ್ಲಿ ಈಗ ಹಪ್ಪಳ, ಕಾರು ತೆಂಗಿನ ಮರದ ಬುಡದಲ್ಲಿ. ಇಷ್ಟು ದಿನವಾದರೂ ಒಂದು ಕಾಯಿಯೂ ಅದರ ಮೇಲೆ ಬಿದ್ದಿಲ್ಲ. ನನಗೆ ಅದೊಂದೇ ಬೇಸರ.