ಹುಳದ ಪಾಲು

ಸುಳ್ಯ ಕಡೆಯ ತೀರ್ಥರಾಮನಿಗೆ ಈಗ ಆಲಂಕಾರಿನಲ್ಲಿ ಗೊಬ್ಬರ, ಮದ್ದಿನ ಅಂಗಡಿ. ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮಲ್ಲಿ ಮದ್ದು ಎನ್ನುವುದು ವಾಡಿಕೆ. ಹಾಗೆ ಕರೆದರೆ ಮಾರುವವನಿಗೂ ಮನಸ್ಸು ಹಗುರ. ಊರಿನ ಬಾಯಲ್ಲಿ ಅವನು ಸಾಧು ಮನುಷ್ಯ. ಅಂಗಡಿ ಇಡುವ ಮೊದಲು ಹಾವೇರಿ ಕಡೆ ಒಂಬತ್ತು ವರ್ಷ ಬೀಜದ ಕಂಪನಿಯೊಂದಕ್ಕೆ ದುಡಿದು ಬಿ.ಟಿ. ಹತ್ತಿ ಮಾರಿದ್ದ. ಆ ಕಾಲದ ಸುದ್ದಿ ಯಾರಾದರೂ ಎತ್ತಿದರೆ, "ಅದೆಲ್ಲ ಬಿಡಿ ಮಾರಾಯ್ರೆ" ಎಂದು ತಕ್ಕಡಿಗೆ ಕೈ ಹಾಕುತ್ತಿದ್ದ.

ಬಿಡಿ ಎನ್ನಲು ಕಾರಣವಿತ್ತು. ಬಿ.ಟಿ. ಗಿಡ ತನ್ನೊಳಗೇ ವಿಷ ಇಟ್ಟುಕೊಂಡು ಕಾಯಿ ಕೊರೆಯುವ ಹುಳವನ್ನು ಕೊಲ್ಲುತ್ತದೆ. ಎಲ್ಲೋ ಒಂದೆರಡು ಗಟ್ಟಿ ಹುಳ ಅದನ್ನು ತಿಂದೂ ಬದುಕುತ್ತವೆ. ಅದಕ್ಕೇ ಬೀಜದ ಚೀಲದೊಳಗೆ ಇನ್ನೊಂದು ಚಿಕ್ಕ ಪೊಟ್ಟಣ ಬರುತ್ತಿತ್ತು, ಸಾದಾ ಹತ್ತಿಯದು. ಅದನ್ನು ಹೊಲದ ಅಂಚಿಗೆ ಬಿತ್ತಿದರೆ ಅಲ್ಲಿ ಸಾದಾ ಹುಳಗಳೂ ಉಳಿದು, ಗಟ್ಟಿಯವುಗಳ ಜೊತೆ ಕೂಡಿ, ವಿಷಕ್ಕೆ ಸಾಯುವ ಮರಿಗಳೇ ಹುಟ್ಟುತ್ತವೆ. ಅಂಚು ಬಿಡದಿದ್ದರೆ ಗಟ್ಟಿಯದಕ್ಕೆ ಗಟ್ಟಿಯದೇ ಜೋಡಿ. ಆಮೇಲೆ ಸೀಮೆಯೇ ಅವುಗಳದ್ದು.

ಕಂಪನಿಯ ತರಬೇತಿಯಲ್ಲಿ ಇದನ್ನು ಕೇಳಿ ತೀರ್ಥರಾಮ ಒಬ್ಬನೇ ನಕ್ಕಿದ್ದ. ಅವನ ಅಮ್ಮ ಪೂವಮ್ಮ ಮರಗೆಣಸು ನೆಡುವಾಗ ಕಾಡಿನ ಬದಿಯ ಒಂದು ಸಾಲನ್ನು ಹಂದಿಗೆಂದೇ ಬಿಡುವವಳು. "ಅದಕ್ಕೂ ಹೊಟ್ಟೆ ಉಂಟಲ್ಲ ಮಗ. ಪಾಲು ಕೊಡದಿದ್ರೆ ಪೂರ್ತಿ ತಿಂತದೆ" ಎನ್ನುತ್ತಿದ್ದಳು. ಬೇರೆಯವರ ತಲೆಗೆ ಹೋಗದ್ದು ಇವನಿಗೆ ಮೊದಲ ದಿನವೇ ಅರ್ಥವಾಗಿತ್ತು. ಆದರೂ ರೈತರು "ಹುಳಕ್ಕ ಯಾಕ್ರಿ ನಮ್ಮ ಹೊಲ?" ಎಂದು ಮುಖ ಸಿಂಡರಿಸಿದಾಗ, ಬೇರೆ ಕಂಪನಿಯ ಬೀಜಕ್ಕೆ ಹೋದಾರು ಎಂಬ ಹೆದರಿಕೆಗೆ, "ಸಣ್ಣದನ್ನು ಎಸೀರಿ, ದೊಡ್ಡದು ಮಾತ್ರ ಹಾಕಿ" ಎಂದುಬಿಟ್ಟ. ಒಬ್ಬಿಬ್ಬರಿಗಲ್ಲ, ನೂರಾರು ಜನಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಲವೇ ವರ್ಷಗಳಲ್ಲಿ ಕಾಯಿ ಬಿಡಿಸಿದಲ್ಲೆಲ್ಲ ಗುಲಾಬಿ ಬಣ್ಣದ ಹುಳ. ಇವನು ಕೆಲಸ ಬಿಟ್ಟು ಊರು ಸೇರಿದ.

ಕಳೆದ ಮಳೆಗಾಲ ಮುಗಿದಾಗ, ರಬ್ಬರ್ ತೋಟದ ಕೆಲಸಕ್ಕೆ ಘಟ್ಟದ ಮೇಲಿನಿಂದ ಬಂದ ಹೆಂಗಸೊಬ್ಬಳು ಧಣಿಯ ಚೀಟಿ ಹಿಡಿದು ಕಳೆಯ ಮದ್ದಿಗೆ ಬಂದಳು. ಮುಖವನ್ನೇ ನೋಡಿ, "ಬೀಜದ ಸಾಹೇಬ್ರು ಅಲ್ರೀ ನೀವು?" ಎಂದಳು.

ಅಲ್ಲ ಎನ್ನಬಹುದಿತ್ತು. ಆ ಮಾತು ತುಟಿಯವರೆಗೆ ಬಂದಿತ್ತು ಕೂಡ. ಆದರೆ ತಲೆ ತಾನಾಗಿ ಹೌದೆಂದು ಆಡಿತು.

ಅವಳ ಹೆಸರು ಫಕ್ಕೀರವ್ವ. ಬೈಯುತ್ತಾಳೆಂದು ಅವನು ಕಾದರೆ, ಅವಳೇ ತಪ್ಪೊಪ್ಪಿಕೊಳ್ಳುವವಳ ಹಾಗೆ ನಿಂತಳು.

"ಸಣ್ಣ ಪಾಕೀಟು ಎಸೀರಿ ಅಂದಿದ್ರಿ. ಕಾಳು ಎಸಿಯಾಕ ಮನಸು ಬರಲಿಲ್ರಿ. ಗಂಡಗ ಹೇಳದ ಬದುವಿನಗುಂಟ ಊರಿದೆ. ಹುಳ ಮೊದಲ ಅಲ್ಲೇ ಕಂಡ್ವು, ನಮ್ಮ ಮನಿಯವರಿಗೂ ಗೊತ್ತಾತು. ಆಮ್ಯಾಲ ಹೊಲಾನ ತಿಂದ್ವು. ಅವರು ದಿನಾ ಎಣ್ಣಿ ಹೊಡದ್ರು." ಅವಳ ಊರಲ್ಲಿ ಅದೇ ವಿಷಕ್ಕೆ ಎಣ್ಣೆ ಎಂದು ಹೆಸರು. "ಅದರ ಗಾಳಿ ಕುಡದು ಹನ್ನೊಂದು ದಿನ ದವಾಖಾನ್ಯಾಗಿದ್ದು ಹೋಗಿಬಿಟ್ರು. ನನ್ನಿಂದ ಆತಲ್ರಿ?"

ಇಷ್ಟು ವರ್ಷ ತೀರ್ಥರಾಮನ ಪಾಪವನ್ನು ಈ ಹೆಂಗಸು ಹೊತ್ತು ತಿರುಗಿದ್ದಳು. ಅದೆಲ್ಲ ಬಿಡಿ ಎಂಬ ಹಳೆಯ ಮಾತು ಈ ಸಲ ಬಾಯಿಗೆ ಬರಲಿಲ್ಲ.

"ಇಲ್ಲಮ್ಮ. ನೀವು ಮಾಡಿದ್ದೇ ಸರಿ. ಎಲ್ಲರೂ ಹಾಗೇ ಮಾಡಿದ್ರೆ ಹುಳ ಇಷ್ಟು ಬೇಗ ಗಟ್ಟಿ ಆಗ್ತಿರಲಿಲ್ಲ. ಎಸೀರಿ ಅಂತ ನಾನು ಹೇಳಿದ್ದೇ ತಪ್ಪು. ತಪ್ಪೂಂತ ಆವಾಗ್ಲೇ ನಂಗೆ ಗೊತ್ತಿತ್ತು."

ಫಕ್ಕೀರವ್ವ ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಹುಳ ಸಾಕಿದಾಕಿ ಅಂತಿದ್ರು ನಮ್ಮ ಮನಿಯವರು," ಎಂದಳು. "ಆ ಹನ್ನೊಂದು ದಿನ ನನ್ನ ಕೈಯಾಗಿನ ನೀರು ಕುಡೀಲಿಲ್ಲ. ನೀವು ಒಮ್ಮಿ ಬಂದು ಇಷ್ಟ ಹೇಳಿದ್ರ ಸಾಕಿತ್ತಲ್ರಿ."

ಧಣಿ ಕಾಯುತ್ತಾನೆಂದು ಅವಳು ಚೀಟಿ ಮುಂದೆ ಸರಿಸಿದಳು. ಅವನು ಕ್ಯಾನು ಇಳಿಸಿ ಕೊಟ್ಟ. ಎಷ್ಟು ನೀರಿಗೆ ಎಷ್ಟು ಮದ್ದು ಎಂದು ಹೇಳಲು ಅಭ್ಯಾಸಬಲದಿಂದ ಬಾಯಿ ತೆರೆದ.

"ಬ್ಯಾಡ್ರಿ," ಎಂದಳು ಫಕ್ಕೀರವ್ವ. "ಅದನ್ನ ಬ್ಯಾರೆ ಯಾರನ್ನರ ಕೇಳ್ತೀನಿ."