ಸಿಸ್ಟರ್ ಹಂಚಿದ ಸಿಲ್ವರ್ ಮರಗಳು

ಕೆ.ಆರ್. ನಗರದ ಬಸ್ ನಿಲ್ದಾಣಕ್ಕೆ ನಾನು ಬಂದಾಗ ಸಿಸ್ಟರ್ ಲೀನಾ ಆಗಲೇ ಕಿಟಕಿಯ ಪಕ್ಕ ಸೀಟು ಹಿಡಿದು ಕೂತಿದ್ದರು. ನನ್ನ ಕಾರಿನಲ್ಲೇ ಹೋಗೋಣವೆಂದು ಹಿಂದಿನ ದಿನ ಅಂಗಲಾಚಿದ್ದೆ. “ಮರ ಉಳಿಸೋಕೆ ಹೋಗೋರು ಇಬ್ಬರಿಗೊಂದು ಕಾರು ಓಡಿಸ್ತಾರಾ ಸಾರ್?” ಎಂದು ಬಾಯಿ ಮುಚ್ಚಿಸಿದ್ದರು. ಅವರಿಗೆ ಟಿಕೆಟ್ ಪುಕ್ಕಟೆ, ನನಗೆ ದುಡ್ಡು. ಅವರಿಗೆ ಸೀಟು, ನನಗೆ ಹುಣಸೂರಿನವರೆಗೂ ಕಂಬಿ. ಕಾನ್ವೆಂಟಿನ ಪಕ್ಕದ ಮನೆಯವನೆಂಬ ಒಂದೇ ತಪ್ಪಿಗೆ ನಾನು ಇಂಥ ಓಡಾಟಗಳಿಗೆ ಖಾಯಂ ಜೊತೆಗಾರ.

ಎಚ್.ಡಿ. ಕೋಟೆಯಾಚೆಯ ಆದಿವಾಸಿ ಹಾಡಿಯಿಂದ ಪುಟ್ಟಮ್ಮ ಎಂಬಾಕೆ ಸಿಸ್ಟರಿಗೆ ಫೋನ್ ಮಾಡಿದ್ದರು. ಹಳ್ಳದ ದಂಡೆಯ ಸಿಲ್ವರ್ ಮರಗಳನ್ನು ಜಮೀನಿನ ಯಜಮಾನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆಗೆಂದು ಕಡಿಸುತ್ತಿದ್ದಾನಂತೆ. ಬೇಸಿಗೆಯಲ್ಲಿ ಹಾಡಿಯವರು ಕುಡಿಯುವ ನೀರಿನ ಗುಂಡಿ ಆ ಮರಗಳ ಬುಡದಲ್ಲೇ ಇದೆ. ದಂಡೆ ಕುಸಿದರೆ ಗುಂಡಿ ಮುಚ್ಚಿತು ಅಂತಲೇ ಲೆಕ್ಕ.

ಹುಣಸೂರಿನಲ್ಲಿ ಕೋಟೆ ಬಸ್ಸು ಹೊರಡಲು ಸಿದ್ಧವಾಗಿತ್ತು. ಅಷ್ಟರಲ್ಲಿ ಸಿಸ್ಟರನ್ನು ಕಂಡ ಹೂವಿನ ಹೆಂಗಸೊಬ್ಬಳು ಅಳಿಯನ ಕುಡಿತದ ಕಥೆ ತೆಗೆದಳು. ಬಸ್ಸು ಹೋಯಿತು. “ಇನ್ನೊಂದು ಬರುತ್ತೆ ಸಾರ್” ಎಂದರು ಸಿಸ್ಟರ್. ಜಿಟಿಜಿಟಿ ಮಳೆಯಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದು, ಪೇಪರನ್ನು ಜಾಹೀರಾತು ಸಮೇತ ಓದಿ ಮುಗಿಸಿದ ಮೇಲೆ ಅದು ಬಂತು.

ಕೋಟೆಯಿಂದ ಆಟೋ. ದಾರಿಯುದ್ದಕ್ಕೂ ಸೊಪ್ಪು ಬೇಯುವ ಘಾಟು. ತಲುಪುವಷ್ಟರಲ್ಲಿ ದಂಡೆಯ ಮರಗಳು ಅರ್ಧಕ್ಕರ್ಧ ನೆಲಕ್ಕೊರಗಿದ್ದವು. ಯಜಮಾನ ಜವರಪ್ಪ ನಗುನಗುತ್ತಾ ಎದುರು ಬಂದ.

“ಜವರಣ್ಣ, ನಾನು ಹಂಚಿದ ಗಿಡಗಳಲ್ವಾ ಇವು?” ಸಿಸ್ಟರ್ ಕೇಳಿದರು.

“ಊಂ ಕಣ್ ಸಿಸ್ಟರ್, ಎಂಗ್ ಬೆಳದ್ವು ನೋಡಿ! ಬೇಗ ಬೆಳೀತವೆ ಅಂತ ನೀವೇ ಏಳಿದ್ರಲ್ಲ. ಕಾಪಿ ಕುಡೀರಿ.”

ಅವನ ಮಾತಿನಲ್ಲಿ ಕುಹಕವಿರಲಿಲ್ಲ; ಮನಸಾರೆ ಕೃತಜ್ಞನಾಗಿದ್ದ. ಬ್ಯಾರನ್ನಿನ ಬೆಂಕಿ ನಿಲ್ಲಿಸಿ ಎಂದು ಸಿಸ್ಟರ್ ಕೇಳಿದರೆ, “ಮಧ್ಯದಲ್ಲಿ ಆರ್ಸಂಗಿಲ್ಲ ಕಣ್ರವ್ವ, ಸೊಪ್ಪೆಲ್ಲಾ ಆಳಾಯ್ತದೆ” ಎಂದ. ಚಪ್ಪರದಡಿ ಹಾಡಿಯ ಹೆಂಗಸರು ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟುತ್ತಿದ್ದರು. ಅವರಲ್ಲಿ ಪುಟ್ಟಮ್ಮ ಯಾರೆಂದು ಸಿಸ್ಟರ್ ಕಣ್ಣಲ್ಲೇ ತೋರಿಸಿದರು; ಆಕೆ ತಲೆಯೆತ್ತಲಿಲ್ಲ. ನನಗೆ ರೇಗಿಹೋಯಿತು.

“ಫೋನ್ ಮಾಡಿ ಅಲ್ಲಿಂದ ಕರೆಸಿಕೊಂಡು ಈಗ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀರಲ್ಲಮ್ಮ!”

ಅಂದ ಮೇಲೆ ಹೊಳೆಯಿತು. ಜವರಪ್ಪನ ನಗು ಮಾಯವಾಗಿತ್ತು. “ಓಹೋ, ನಿಂದಾ ಈ ಕೆಲ್ಸ?”

ಪುಟ್ಟಮ್ಮ ಎದ್ದು ನಿಂತರು. “ನಂದೇ ಕಣಣ್ಣ. ಇನ್ನೊಂದ್ ಮರ ಮುಟ್ಟಿದ್ರೆ ನಾ ಸೊಪ್ಪು ಕಟ್ಟಾಕಿಲ್ಲ.”

ಪಕ್ಕದವಳು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ನೋಡನೋಡುತ್ತಾ ಎಲ್ಲರೂ ಇಟ್ಟರು. ಕಿತ್ತು ರಾಶಿ ಹಾಕಿದ ಸೊಪ್ಪು ಮಾರನೆಯ ದಿನಕ್ಕೆ ಕಾಯುವುದಿಲ್ಲ. ಜವರಪ್ಪ ರಾಶಿ ನೋಡಿದ, ಮಳೆ ನೋಡಿದ. “ಆಯ್ತು ಬುಡ್ರವ್ವ, ಉಳಿದವು ಇರ್ಲಿ. ಕಟ್ರಿ ಈಗ” ಎಂದು ಗೊಣಗಿ ಬ್ಯಾರನ್ ಕಡೆ ನಡೆದ.

ನನಗೋ ಹಿಗ್ಗು. ಪುಟ್ಟಮ್ಮನ ಮುಖದಲ್ಲಿ ಮಾತ್ರ ಅದಿರಲಿಲ್ಲ. “ನೀವು ಬಸ್ ಅತ್ಕಂಡ್ ಓಯ್ತೀರಿ ಸಿಸ್ಟರ್. ನಾಳೆ ನನ್ನ ಕೂಲಿಗೆ ಕರೀತಾನಾ ಅವ?”

ಸಿಸ್ಟರ್ ಚಪ್ಪಲಿ ಬಿಟ್ಟು ಚಪ್ಪರದಡಿ ಕೂತು ಒಂದು ಕಡ್ಡಿ ಎಳೆದುಕೊಂಡರು. “ಜವರಣ್ಣ,” ಎಂದು ಗಟ್ಟಿಯಾಗಿ ಕೂಗಿದರು, “ನಾಳೆ ಪುಟ್ಟಮ್ಮನ್ನ ಕರೆಯೋವಾಗ ನನ್ನನ್ನೂ ಕರೀರಿ. ಇವರ ಮನೇಲೇ ಇರ್ತೀನಿ.” ನನ್ನತ್ತ ತಿರುಗಿ, “ನೀವು ಹೊರಡಿ ಸಾರ್, ಬಸ್ಸು ತಪ್ಪುತ್ತೆ” ಎಂದರು.

ನನ್ನ ಬಾಯಿಯಿಂದ ಆದ ಅನಾಹುತಕ್ಕೆ ಒಬ್ಬರೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಆಟೋ ಹತ್ತಿ ಒಮ್ಮೆ ಹಿಂತಿರುಗಿ ನೋಡಿದೆ. ಸಿಸ್ಟರ್ ಕಟ್ಟಿದ್ದನ್ನೆಲ್ಲ ಪುಟ್ಟಮ್ಮ ಬಿಚ್ಚಿಹಾಕಿ, “ಇಂಗ್ ಕಟ್ಟಿದ್ರೆ ನಾಳೆ ನಿಮ್ಮನ್ನೂ ಕರ್ಯಾಕಿಲ್ಲ” ಎಂದು ಗದರುತ್ತಿದ್ದರು.